ಹಾಲು ಉಕ್ಕುವ ಮೊದಲು

ಚಿರಂಜೀವಿ ಮಡಿವಾಳಪ್ಪನಿಗೆ,

ನಿನ್ನ ವೈನಿ ಪಾರ್ವತೆವ್ವ ಬರೆಯುವುದು. ಚಿರಂಜೀವಿ ಎಂದು ಬರೆದ ಮೇಲೆ ಲೇಖಣಿಯ ಟಾಕು ನಿಂತಿತು. ತೀರಿಹೋದವನಿಗೆ ಹಾಗೆ ಬರೆಯುವುದುಂಟೆ? ಆದರೆ ನೀನು ಪುಣೆಗೆ, ಮುಂಬಯಿಗೆ ಹೋದಾಗಲೆಲ್ಲ ಹಾಗೆಯೇ ಬರೆದು ರೂಢಿಯಾದ ಕೈ ಇದು. ಹೊಡೆದುಹಾಕುವುದಿಲ್ಲ. ಇರಲಿ.

ನಾನು ಯಾರೆಂಬುದನ್ನು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಇತ್ತೀಚೆಗೆ ಅದು ನನಗೇ ಸಂಶಯವಾಗತೊಡಗಿದೆ. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಸರಕು ತುಂಬಿಡುವ ಸ್ವಂತ ವಖಾರವಿರುವ ಮನೆಯ ಯಜಮಾನಿ ನಾನು. ಮಾಸ್ತರರ ಮಗಳು, ಬೆಳಗಾವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಐದನೆಯ ಇಯತ್ತೆಯವರೆಗೆ ಓದಿದವಳು. ಪೇಟೆಯಲ್ಲಿ ಯಾರಿಗೆ ತಾರು ಬಂದರೂ ಓದಿಸಿಕೊಳ್ಳಲು ಗಂಡಸರು ನಮ್ಮ ಪಡಸಾಲೆಗೆ ಬಂದು ಕಂಬದ ಆಚೆ ನಿಲ್ಲುತ್ತಾರೆ. ನನ್ನ ಯಜಮಾನರು, ನಿಮ್ಮಣ್ಣ, ಲಿಂಗೈಕ್ಯರಾದಂದಿನಿಂದ ಹನ್ನೆರಡು ವರ್ಷ ಈ ಮನೆಯ ಕೀಲಿಕೈ ಗೊಂಚಲು ನನ್ನ ನಡದಲ್ಲಿತ್ತು. ಅಷ್ಟು ವರ್ಷದಲ್ಲಿ ನಾನು ದನಿ ಏರಿಸಿದ್ದನ್ನು ಕೇಳಿದವರು ಈ ಓಣಿಯಲ್ಲಿ ಒಬ್ಬರೂ ಇಲ್ಲ. ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ನೀನು ಹೋಗಿ ಏಳು ತಿಂಗಳಾಯಿತು. ಆಗ ಅತ್ತು ಮುಗಿಸಿ ಎದ್ದು ಕೆಲಸಕ್ಕೆ ಹತ್ತಿದವಳಿಗೆ ಈಗ ಹದಿನೈದು ದಿನದಿಂದ ಕುಳಿತಲ್ಲಿ ಕೂಡಲಾಗುತ್ತಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಡುಗೆಮನೆಗೆ. ಈ ಪತ್ರ ಬರೆಯಲು ಕುಳಿತು ಮೂರು ಸಲ ಎದ್ದಿದ್ದೇನೆ. ಕಾರಣ ನಿನ್ನ ಸಿನೆಮಾ. ನಿನ್ನನ್ನು ಕೇಳಬೇಕಾದ ಒಂದು ಪ್ರಶ್ನೆಯಿದೆ. ಉತ್ತರ ಹೇಳಲು ನೀನಿಲ್ಲ. ಆದರೂ...

ನೀನು ಆ ಸಿನೆಮಾ ತೋರಿಸುವ ಯಂತ್ರ ತಂದ ದಿನ ನೆನಪಿದೆಯೇ? ಅರಳೆ ಮಾರಲು ಮುಂಬಯಿಗೆ ಹೋದವನು ಚಕ್ಕಡಿಯಲ್ಲಿ ದೊಡ್ಡ ಕಟ್ಟಿಗೆಯ ಪೆಟ್ಟಿಗೆಯೊಂದಿಗೆ ಬಂದಿಳಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಐದು ವರ್ಷ. ನಿನ್ನ ಪಾಟಿಯ ಮೇಲೆ ಅಕ್ಷರ ತಿದ್ದಿಸಿದವಳು ನಾನು. ಆ ಸಲಿಗೆಯಲ್ಲಿ, ನಮ್ಮ ಮನೆತನದಲ್ಲಿ ಆಟ ಕಟ್ಟಿ ಊರೂರು ಕುಣಿದವರು ಯಾರೂ ಇಲ್ಲವೆಂದು ಹೇಳಿದೆ. ನೀನು ಪೆಟ್ಟಿಗೆಯ ಹಗ್ಗ ಬಿಚ್ಚುತ್ತ, "ನಾ ಕುಣಿಯೂದಿಲ್ರಿ ವೈನಿ, ನೆರಳು ಕುಣೀತಾವ" ಎಂದೆ. ಹತ್ತಿ ಇಲ್ಲದ ತಿಂಗಳಲ್ಲಿ ನೀನು ವಖಾರ ಬಳಸಿಕೊಳ್ಳಲು ನಾನು ಒಪ್ಪಿದೆ. ಆದರೆ ನಾನು ಅಲ್ಲಿಗೆ ಕಾಲಿಡುವುದಿಲ್ಲ ಎಂದೂ ಹೇಳಿಬಿಟ್ಟೆ. ಹೇಳಿದಂತೆ ನಡೆದೆ ಕೂಡ.

ವಿಲಾಯತಿಯ ಒಂದು ದೆವ್ವದ ಚಿತ್ರದ ರೀಳನ್ನು ಮೊದಲ ಸಲ ತೋರಿಸಿದ ಮರುದಿನ ಮುಂಜಾನೆ ನೀನು ಅಡುಗೆಮನೆಯ ಹೊಸ್ತಿಲ ಮೇಲೆ ಮುಖ ಇಳಿಬಿಟ್ಟುಕೊಂಡು ಕುಳಿತಿದ್ದೆ. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಪರದೆಯ ಮೇಲೆ ದೆವ್ವ ಮೆಟ್ಟಿಲಿಳಿದು ಬಂದರೆ ಮಂದಿ ಸೀಟಿ ಹೊಡೆದರಂತೆ. ಮುದುಕನೊಬ್ಬ ಎದ್ದು ನಿಂತು, ಬಾರೋ ತಮ್ಮಾ ಎಂದು ಕರೆದನಂತೆ. ಯಾಕೆ ಹೀಗಾಯಿತೆಂದು ನಿನಗೆ ತಿಳಿದಿರಲಿಲ್ಲ. ಚಿತ್ರಕ್ಕೆ ದನಿಯಿಲ್ಲವಲ್ಲ, ಪರದೆಯ ಪಕ್ಕದಲ್ಲಿ ಬಾರಿಸಲು ಏನಿಟ್ಟಿದ್ದೆಯೆಂದು ನಾನು ಕೇಳಿದೆ. ಮದ್ದಳೆ, ತಾಳ, ಸನಾದಿ. ದೊಡ್ಡಾಟದಲ್ಲಿ ರಾವಣನ ವೇಷ ಬರುವ ಮೊದಲು ಬಾರಿಸುತ್ತಾರಲ್ಲ, ಹಾಗೆ ದೆವ್ವ ಬರುವ ಮೊದಲು ಬಾರಿಸಿದ್ದೀರಿ. ನಮ್ಮ ಮಂದಿ ತೊಟ್ಟಿಲಲ್ಲಿದ್ದಾಗಿನಿಂದ ದೊಡ್ಡಾಟ ನೋಡಿದವರು. ಮದ್ದಳೆ ಕೇಳಿದರೆ ವೇಷ ಬಂತೆಂದು ಅವರಿಗೆ ಗೊತ್ತು. ವೇಷಕ್ಕೆ ಯಾರು ಹೆದರುತ್ತಾರೆ?

"ಇಷ್ಟು ಬಾಜಾ ಬಾರಿಸಿ ಕರಕೊಂಡು ಬಂದ್ರ ಅದು ದೆವ್ವ ಅಲ್ಲೋ ಮಡಿವಾಳಾ, ಬೀಗರು," ಎಂದೆ.

ನೀನು ನಕ್ಕೆ. ಆಮೇಲೆ ಕೇಳಿದೆ, "ಮತ್ತ ಹೆಂಗ್ ತರಬೇಕ್ರಿ ವೈನಿ ಅದನ್ನ?"

"ತರಬ್ಯಾಡ. ಸುಮ್ನ ಕುಂಡ್ರು. ಬರತೈತೋ ಇಲ್ಲೋ ಅಂತ ಅವರ ಕಾಯಲಿ. ನಾ ಸಿಟ್ಟಿಗೆದ್ದಾಗ ಒದರತೇನೇನು?"

ನೀನು ನನ್ನ ಮುಖ ನೋಡಿದೆ, ಆಮೇಲೆ ನನ್ನ ನಡದಲ್ಲಿದ್ದ ಕೀಲಿಕೈ ನೋಡಿದೆ. ಆ ನೋಟ ಈಗ ತಿಳಿಯುತ್ತಿದೆ. ಆಗ ನಾನು ಜೋಳದಲ್ಲಿ ಹರಳು ಹುಡುಕುತ್ತಿದ್ದೆ.

ಮರುವಾರ ನೀನು ಕಿತ್ತೂರಿನಲ್ಲಿ ತಂಬು ಹಾಕಿದಾಗ ಮದ್ದಳೆಯವರನ್ನು ಬಿಟ್ಟು ಹೋದೆ. ಸವದತ್ತಿಯ ಇಮಾಮಸಾಬನ ಹಾರ್ಮೋನಿಯಂ ಒಂದೇ ಸಾಕೆಂದೆ. ತಿರುಗಿ ಬಂದವನು ಅದೇ ಹೊಸ್ತಿಲ ಮೇಲೆ ಕುಳಿತು ದಿನಾ ಮುಂಜಾನೆ ಹೇಳುವುದು, ನಾನು ಕೇಳದವಳಂತೆ ಕೆಲಸ ಮಾಡುವುದು. ಎಲ್ಲ ಕೇಳಿದ್ದೇನೆ, ತಿಳಿದುಕೋ. ಹಾರ್ಮೋನಿಯಂ ನುಡಿಯುವಾಗ ಹೆದರಿಕೆ ಬರುವುದಿಲ್ಲ, ನಿಂತಾಗ ಬರುತ್ತದೆ ಎಂದೆ. ಯಂತ್ರದ ಹಿಡಿಕೆಯನ್ನು ಮೆಲ್ಲಗೆ ತಿರುವಿದರೆ ಪರದೆಯ ಮೇಲಿನ ಮನುಷ್ಯನೂ ಮೆಲ್ಲಗೆ ನಡೆಯುತ್ತಾನೆ, ತೀರ ಮೆಲ್ಲಗಾದರೆ ದೀಪದ ಕಾವಿಗೆ ರೀಳೇ ಹೊತ್ತಿಕೊಳ್ಳುತ್ತದೆ, ಆ ಎರಡರ ನಡುವೆ ಕೈ ನಿಲ್ಲಿಸುವುದೇ ಕಸುಬು ಎಂದೆ. ಒಂದು ಮುಂಜಾನೆ ನೀರು ಕುಡಿಯುತ್ತ, "ಕಂಡದ್ದಕ್ಕ ಮಂದಿ ಹೆದರೂದಿಲ್ರಿ ವೈನಿ. ಕಂಡೀತು ಅಂತ ಹೆದರತಾರ" ಎಂದೆ. ಹೌದೆನ್ನಿಸಿತು. ಹೌದೆಂದು ಹೇಳಲಿಲ್ಲ.

ಹಾಲು ಉಕ್ಕಿದ ದಿನ ನೀನು ಹಿತ್ತಲ ಬಾಗಿಲಲ್ಲಿದ್ದೆ. ಮಠದ ಅಯ್ಯನವರು ಪಾದಪೂಜೆಗೆ ಬರುವ ದಿನ ಅದು. ಅವರಿಗೆಂದು ತೆಗೆದಿಟ್ಟ ಹಾಲನ್ನು ಕಾಯಿಸಲು ನನ್ನ ಸೊಸೆ ನೀಲವ್ವನಿಗೆ ಹೇಳಿದ್ದೆ. ಆಕೆಗೆ ಆಗ ಐದು ತಿಂಗಳು. ನಾನು ಅಡುಗೆಮನೆಗೆ ಬಂದಾಗ ಹಾಲು ಉಕ್ಕಿ ಒಲೆಯೊಳಗೆ ಸುರಿಯುತ್ತಿತ್ತು. ನೀಲವ್ವ ಪಕ್ಕದಲ್ಲೇ ನಿಂತಿದ್ದಳು. ಪಾತ್ರೆ ಇಳಿಸುವ ಅರಿವೆ ಕೈಯಲ್ಲೇ ಇತ್ತು. ಇಳಿಸದೆ ಬಾಗಿಲ ಕಡೆ ನೋಡುತ್ತ ನಿಂತಿದ್ದಳು. ಇಂಥ ಮಂದಬುದ್ಧಿಯೂ ಇರುತ್ತದೆಯೇ ಎಂದುಕೊಂಡೆ. ಬೈಯಲಿಲ್ಲ. ಒಂಬತ್ತು ದಿನ ಆಕೆಯೊಡನೆ ಮಾತಾಡಲಿಲ್ಲ. ನೀನು ಆ ದಿನವೇ, ಆಕೆಯ ತಪ್ಪಿಲ್ಲ, ಒಂದಿಷ್ಟು ಕೇಳಿರಿ ಎಂದು ಬಾಯಿ ತೆರೆದೆ. ನಾನು ಕೈ ಎತ್ತಿದೆ. ನೀನು ಸುಮ್ಮನಾದೆ. ಅಂದು ನಿನ್ನನ್ನು ಮಾತಾಡಗೊಟ್ಟಿದ್ದರೆ...

ಬಸುರಿಯ ಕುಬಸ ಮುಗಿಸಿ ಏಳನೆಯ ತಿಂಗಳಲ್ಲಿ ನೀಲವ್ವ ಹೆರಿಗೆಗೆಂದು ಮುರಗೋಡಕ್ಕೆ, ತವರಿಗೆ ಹೋದಳು. ಅದರ ಹಿಂದೆಯೇ ನಾನು ನಮ್ಮ ಅಣ್ಣನ ಮಗಳ ಮದುವೆಗೆಂದು ಎಂಟು ದಿನ ಧಾರವಾಡಕ್ಕೆ ಹೋದೆ. ಬಂದು ನೋಡಿದರೆ ನನ್ನ ಅಡುಗೆಮನೆಯ ಮೇಲಿನ ಮಣ್ಣಿನ ಮಾಳಿಗೆ ಒಡೆದಿದೆ. ಒಂದು ಕೊಡ ಹಿಡಿಸುವಷ್ಟಿದ್ದ ಬೆಳಕಿಂಡಿಯನ್ನು ಮಣ್ಣು ಕೆದರಿಸಿ, ಜಂತಿ ಕೊಯ್ಯಿಸಿ ಎತ್ತಿನ ಮೈಯಷ್ಟು ಅಗಲ ಮಾಡಿದ್ದೆ. ಪುಣೆಯ ಗೆಳೆಯರಿಂದ ಕ್ಯಾಮೆರಾ ತಂದು ನಮ್ಮ ಮನೆಯಲ್ಲೇ ಚಿತ್ರ ತೆಗೆದೆಯಂತೆ. ಒಲೆಯ ಮೇಲೆ ಬಿಸಿಲು ಬೀಳಬೇಕಿತ್ತಂತೆ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಅಂದಿನಿಂದ ನಿನ್ನೊಡನೆಯೂ ಮಾತು ಬಿಟ್ಟೆ. ಇಪ್ಪತ್ತೊಂದು ದಿನ.

ಆ ದಿನಗಳಲ್ಲೇ ನೀನು ಪುಣೆಗೆ ಹೋಗಿ ಚಿತ್ರ ತೊಳೆಯಿಸಿ ತಂದು, ಪಡಸಾಲೆಯ ಹಗ್ಗದ ಮೇಲೆ ತುಕಡಿಗಳನ್ನು ಸಾಲಾಗಿ ತೂಗುಹಾಕಿ, ಕತ್ತರಿಸಿ ಅಂಟಿಸುತ್ತಿದ್ದೆ. ನಾನು ಹಾಯ್ದು ಹೋಗುವಾಗಲೆಲ್ಲ ಕತ್ತರಿ ನಿಲ್ಲಿಸಿ ನೀನು ಹೇಳುತ್ತಿದ್ದೆ, ನಾನು ಕೇಳಿದ್ದೇನೆಂಬಂತೆ. "ಹೂವಾಡಗಿತ್ತಿ ಅಳತಿನ ವೈನಿ ಇದೂ. ಮೊದಲ ತುಕಡಿ ಒಂದು ಮಾರು. ಆಮ್ಯಾಲ ಮೊಳ. ಆಮ್ಯಾಲ ಗೇಣು. ಕಡೀಕ ನಾಕು ಬೊಟ್ಟು. ತುಕಡಿ ಸಣ್ಣ ಆದಂಗ ನೋಡಾವರ ಉಸರೂ ಸಣ್ಣ ಆಗತೈತಿ." ಆ ಚಿತ್ರದಲ್ಲಿ ಏನಿದೆಯೆಂದು ಕೇಳಲು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ನುಂಗುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಸಿನೆಮಾ ತೋರಿಸಲು ನೀನು ರಾಮದುರ್ಗಕ್ಕೆ ಹೊರಟ ದಿನ ಚಕ್ಕಡಿ ತುಂಬಿ ಆಗಿತ್ತು. ನೀನು ಒಳಗೆ ಬಂದು ನನ್ನ ಕಾಲು ಮುಟ್ಟಿ, "ವೈನಿ, ಬೈಯೂದಿದ್ರ ಒಂದು ಮಾತು ಬೈದುಬಿಡ್ರಿ. ಹಿಂಗ ಕಳಸಬ್ಯಾಡ್ರಿ" ಎಂದೆ. ನಾನು ಉಗ್ರಾಣದ ಕಡೆ ತಿರುಗಿ ಕೀಲಿ ತೆಗೆದೆ. ಅದರ ಸಪ್ಪಳವೇ ನಿನಗೆ ಕೊಟ್ಟ ಉತ್ತರ. ಒಂಬತ್ತನೆಯ ದಿನ ತಾರು ಬಂತು. ಜ್ವರ ಎಂದಿತ್ತು, ತೀರಿಕೊಂಡರು ಎಂದಿತ್ತು. ಪೇಟೆಯವರ ತಾರು ಓದುವವಳು ನಾನು. ನನ್ನದನ್ನೂ ನಾನೇ ಓದಿದೆ.

ನಿನ್ನನ್ನು ಮಣ್ಣು ಮಾಡಿ ಮುಗಿದ ಮೇಲೆ ಇಮಾಮಸಾಬ ನಿನ್ನ ಯಂತ್ರ ತಂದು ವಖಾರದಲ್ಲಿಟ್ಟು, ರೀಳಿನ ಡಬ್ಬಿ ಮಾತ್ರ ನನ್ನ ಕೈಗೆ ಕೊಟ್ಟ. ಇದನ್ನು ಇನ್ನೂ ಯಾರಿಗೂ ತೋರಿಸಿಲ್ಲ, ಮೊದಲು ವೈನಿ ನೋಡಬೇಕು ಎಂದು ಸಣ್ಣ ಸಾವಕಾರರು ಹೇಳಿದ್ದರು ಎಂದ. ನಾನು ಅದನ್ನು ಅಟ್ಟಕ್ಕೆ ಹಾಕಿಸಿದೆ. ಆರೂವರೆ ತಿಂಗಳು ಅಲ್ಲೇ ಇತ್ತು.

ನೀನು ಕೇಳದೆ ಹೋದ ಸುದ್ದಿ ಒಂದಿದೆ. ನೀನು ಹೋದ ತಿಂಗಳಿಗೆ ನೀಲವ್ವನಿಗೆ ಹೆಣ್ಣು ಹುಟ್ಟಿತು. ಬಾಣಂತಿಯನ್ನು ಮೂರನೆಯ ತಿಂಗಳಿಗೆ, ತಪ್ಪಿದರೆ ಐದಕ್ಕೆ ಕರೆತರುವುದು ರೂಢಿ. ಮೂರು ಹೋಯಿತು, ಐದೂ ಹೋಯಿತು. ಹೇಳಿ ಕಳಿಸಿದಾಗಲೆಲ್ಲ ಮುರಗೋಡದಿಂದ ಒಂದೊಂದು ನೆಪ: ಕೂಸಿಗೆ ನೆಗಡಿ, ದಿನ ಕೂಡಿಬಂದಿಲ್ಲ, ಅಜ್ಜಿಗೆ ಮೈಯಲ್ಲಿ ಆರಾಮಿಲ್ಲ. ಪೇಟೆಯಲ್ಲಿ ಗುಸುಗುಸು ಆಯಿತು. ನನ್ನ ಮಗ ಬಸವಂತ ಊಟಕ್ಕೆ ಕುಳಿತರೆ ತಾಟು ಬಿಟ್ಟು ಕಣ್ಣೆತ್ತುತ್ತಿರಲಿಲ್ಲ. ಕಡೆಗೆ ಒಂದು ದಿನ ಗಟ್ಟಿಯಾಗಿ ಕೇಳಿದೆ, ಆಕೆ ಬರುತ್ತಾಳೋ ಇಲ್ಲವೋ ಎಂದು.

"ಬರೂದಿಲ್ಲ ಅಂತ ಅಂದಿಲ್ಲವ್ವಾ ಆಕಿ. ಈ ಮನಿ ಅಂದ್ರ ಕೈಕಾಲು ಆಡೂದಿಲ್ಲ ಅಂತಾಳ."

ಯಾಕಂತೆ ಎಂದೆ. ಅವನು ತಾಟಿನಲ್ಲೇ ಕೈ ತೊಳೆದು ಎದ್ದ. "ಕಾಕಾ ತಗದದ್ದನ್ನ ನೋಡು," ಎಂದಷ್ಟೇ ಹೇಳಿದ.

ಹೀಗೆ, ಹದಿನೈದು ದಿನದ ಹಿಂದೆ, ಕಾಲಿಡುವುದಿಲ್ಲವೆಂದಿದ್ದ ವಖಾರಕ್ಕೆ ಕಾಲಿಟ್ಟೆ. ಮಧ್ಯಾಹ್ನ. ಕಿಟಕಿಗಳಿಗೆ ಗೋಣಿತಟ್ಟು ಬಡಿಸಿ ಕತ್ತಲೆ ಮಾಡಿಸಿದ್ದೆ. ಮನೆಯ ಹೆಂಗಸರನ್ನೆಲ್ಲ ಕರೆಸಿದೆ; ಆರೇಳು ಮಂದಿ, ಮುಂದೆ ಜಮಖಾನೆಯ ಮೇಲೆ. ನಾನು ಹಿಂದೆ ಕುರ್ಚಿಯಲ್ಲಿ. ಬಸವಂತ ಹಿಡಿಕೆ ತಿರುವಿದ. ಇಮಾಮಸಾಬ ಹಾರ್ಮೋನಿಯಂ ಹಿಡಿದು ಪರದೆಯ ಮಗ್ಗುಲಿಗೆ ಕುಳಿತ.

ಮೊದಲ ತುಕಡಿ ಒಂದು ಮಾರು. ನಮ್ಮ ಅಡುಗೆಮನೆ. ಬೆಳಕಿಂಡಿಯ ಬಿಸಿಲು ಒಲೆಯ ಮೇಲೆ ಮಾತ್ರ, ಸುತ್ತ ಕತ್ತಲೆ. ಕ್ಯಾಮೆರಾವನ್ನು ನೆಲಕ್ಕೆ ಹಚ್ಚಿ ಇಟ್ಟಿದ್ದೆಯಲ್ಲ? ದಿನಾ ನಾನು ತಲೆ ಬಾಗಿಸಿ ದಾಟುವ ಬಾಗಿಲು ಊರ ಅಗಸಿ ಬಾಗಿಲಷ್ಟು ದೊಡ್ಡದಾಗಿ ಕಂಡಿತು. ಒಲೆಯ ಮುಂದೆ ಒಬ್ಬ ಹುಡುಗಿ; ಸಣ್ಣಾಟದಲ್ಲಿ ಹೆಣ್ಣು ವೇಷ ಹಾಕುವ ಸವದತ್ತಿಯವನು ಅವನು. ಒಲೆಯ ಮೇಲೆ ಹಾಲು. ಎರಡನೆಯ ತುಕಡಿಯಲ್ಲಿ ಬರಿ ಒಂದು ನಡ. ಇಳಕಲ್ ಸೀರೆ, ನಡದಲ್ಲಿ ಕೀಲಿಕೈ ಗೊಂಚಲು. ಮುಖವಿಲ್ಲ. ಆ ನಡ ಪಡಸಾಲೆಯಲ್ಲಿ ಮೆಲ್ಲಗೆ ಬರುತ್ತಿತ್ತು.

ಮತ್ತೆ ಹಾಲು; ಕೆನೆ ಅಲುಗಿತು. ಮತ್ತೆ ಕೀಲಿಕೈ. ಹುಡುಗಿ ಅರಿವೆ ಕೈಗೆತ್ತಿಕೊಂಡಳು, ಅಷ್ಟರಲ್ಲಿ ಏನೋ ಕೇಳಿ ನಿಂತಳು. ಹಾಲು ಪಾತ್ರೆಯ ಕುತ್ತಿಗೆಗೆ ಏರಿತು. ಹೊಸ್ತಿಲಿಗೆ ಬಂದ ಹೆಜ್ಜೆ. ಹುಡುಗಿಯ ಕಣ್ಣು. ಹಾಲು. ಮೊಳ ಹೋಗಿ ಗೇಣು, ಗೇಣು ಹೋಗಿ ಬೊಟ್ಟು. ಇಮಾಮಸಾಬ ಒಂದೇ ಕೆಳಗಿನ ಸುರ ಹಿಡಿದು ಬಿಡದೆ ಎಳೆಯುತ್ತಿದ್ದ. ಅದು ನನ್ನ ಹಲ್ಲಿನೊಳಗೆ ಹೋಗಿ ಕುಳಿತಿತ್ತು. ಇಳಿಸು, ಇಳಿಸವ್ವಾ ಎಂದು ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಪಾತ್ರೆ ಇಳಿಸಲು ನನ್ನ ಕೈಯೇ ಮುಂದೆ ಚಾಚಿತ್ತು. ಅರಿವೆ ಕೈಯಲ್ಲಿದೆ, ಯಾಕೆ ಇಳಿಸುವುದಿಲ್ಲ ಇವಳು?

ಹಾರ್ಮೋನಿಯಂ ನಿಂತಿತು. ವಖಾರದಲ್ಲಿ ಹಿಡಿಕೆಯ ಗರಗರ ಒಂದೇ. ಆಮೇಲೆ ಪರದೆಯ ಹಿಂದಿನಿಂದ ಕೀಲಿಕೈ ಗೊಂಚಲಿನ ಸಪ್ಪಳ ಬಂತು. ಒಂದೇ ಸಲ.

ಜಮಖಾನೆಯ ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೆ ಸೆರಗು ಎಳೆದುಕೊಂಡರು. ಅಡುಗೆಯವಳು ದಿಗ್ಗನೆ ಎದ್ದು ನಿಂತಳು, ಅವಳ ಹಿಂದೆ ಮನೆಗೆಲಸದ ಬಾಳವ್ವನೂ ಎದ್ದಳು. ಪರದೆಯ ಮೇಲೆ ಬಾಗಿಲು ಅಲುಗುತ್ತಿತ್ತು, ಅದನ್ನು ನೋಡುವವರು ಯಾರೂ ಇರಲಿಲ್ಲ. ಎಲ್ಲರೂ ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಿದ್ದರು. ನಾನು ಕುರ್ಚಿಯಲ್ಲಿ ಅಲುಗದೆ ಕುಳಿತಿದ್ದೆ. ನನ್ನ ನಡದಲ್ಲಿದ್ದ ಕೀಲಿಕೈ ಸಪ್ಪಳ ಮಾಡಿರಲಿಲ್ಲ.

ರೀಳು ಮುಗಿದು ಪರದೆ ಬೆಳ್ಳಗಾಯಿತು. ಬಾಳವ್ವ ಬಂದು ನನ್ನ ಕಾಲ ಬಳಿ ಕುಳಿತಳು. "ಆ ನಡ ನಂದಽರಿ ಅವ್ವಾರ. ನಿಮ್ಮ ಹಳೇ ಸೀರಿ ಉಡಿಸಿ, ವಖಾರದ ಕೀಲಿಕೈ ಸಿಗಿಸಿ ನಡೀ ಅಂದ್ರು ಸಣ್ಣ ಸಾವಕಾರ್ರು. ಮಾರಿ ತಗೀದಿಲ್ಲ ಅಂದ್ರು, ಅದಕ್ಕ ಹೂಂ ಅಂದೆ."

"ನೀನ ಆಗಿದ್ರ ಮತ್ಯಾಕ ಎದ್ದಿ?"

"ಗೊತ್ತಿಲ್ರಿ. ಸಪ್ಪಳಾತು, ಎದ್ದೆ."

ಇದೇ ನನ್ನ ಪ್ರಶ್ನೆ, ಮಡಿವಾಳಪ್ಪಾ. ಹನ್ನೆರಡು ವರ್ಷ ಒಂದು ಕೆಟ್ಟ ಮಾತಾಡದೆ ಮನೆ ನಡೆಸಿದವಳನ್ನು ನೀನು ದೆವ್ವ ಮಾಡಿದೆಯಾ? ಅಥವಾ ನಾನು ಆಗಿದ್ದದ್ದನ್ನು ಬರಿ ಬಿಸಿಲಿಗೆ ಹಿಡಿದೆಯಾ? ಸಿಟ್ಟು ಬಂತು. ಆ ಡಬ್ಬಿಯನ್ನು ಒಲೆಗೆ ಹಾಕಬೇಕೆನ್ನಿಸಿತು. ಆದರೆ ಆ ಹಾಲು... ಅಂದು ನೀಲವ್ವ ಬಾಗಿಲ ಕಡೆ ಏನು ನೋಡುತ್ತಿದ್ದಳೆಂದು ನನಗೆ ಹತ್ತು ತಿಂಗಳು ತಿಳಿದಿರಲಿಲ್ಲ. ಬಾಗಿಲಲ್ಲಿ ಬರುತ್ತಿದ್ದವಳು ನಾನು. ನನಗೆ ಹೇಗೆ ಕಾಣಬೇಕು?

ಕಡೆಗೆ ಬಾಗಿಲಲ್ಲಿ ಏನು ಬರುತ್ತದೆಂದು ಇಮಾಮಸಾಬನನ್ನು ಕೇಳಿದೆ. ಅವನು, ನೀನು ಹೇಳಿಕೊಟ್ಟಂತೆ ಪರದೆಯ ಹಿಂದೆ ಅಲುಗಿಸಿದ್ದ ವಖಾರದ ಕೀಲಿಕೈ ಗೊಂಚಲನ್ನು ಕೆಳಗಿಟ್ಟು ಹಾರ್ಮೋನಿಯಂ ಮುಚ್ಚುತ್ತಿದ್ದ. "ಕಡೀ ತುಕಡಿ ತಗದಿಲ್ರಿ ಅಮ್ಮಾರ. ಅದರಾಗ ಖುದ್ದು ವೈನಿನ ಬರಬೇಕು, ಅವರ ಮಾರಿ ಕಾಣಬೇಕು ಅಂತಿದ್ರು. ಕೇಳಾಕ ಬಂದಿದ್ರಂತ. ನೀವು ಮಾತು ಬಿಟ್ಟಿದ್ರಿ. ಮಾತಾಡಿದ ಮ್ಯಾಲ ಕೇಳತೀನಿ ಅಂದ್ರು."

ಅಲ್ಲಿಂದ ಶುರುವಾಯಿತು ಈ ತಿರುಗಾಟ. ಎಂಟು ದಿನ ಮನೆಯಲ್ಲಿ ನಡೆದೆ. ನಡೆದಾಗಲೆಲ್ಲ ನಡದಲ್ಲಿ ಸಪ್ಪಳ, ಸಪ್ಪಳವಾದಾಗಲೆಲ್ಲ ಯಾವುದೋ ಕೋಣೆಯಲ್ಲಿ ಯಾರದೋ ಮಾತು ನಿಲ್ಲುವುದು. ಇದಕ್ಕೆ ಮುಂಚೆಯೂ ಹೀಗೆಯೇ ನಿಲ್ಲುತ್ತಿತ್ತು ತಾನೆ? ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡು ನಡೆದೆ. ಸಪ್ಪಳವಿಲ್ಲದೆ ಹಿಂದೆ ಬಂದು ನಿಂತವಳನ್ನು ನೋಡಿ ಅಡುಗೆಯವಳು ಇನ್ನಷ್ಟು ಬೆಚ್ಚಿದಳು. ಒಂಬತ್ತನೆಯ ದಿನ ಮುಂಜಾನೆ ಚಕ್ಕಡಿ ಹೂಡಿಸಿದೆ.

ಸೊಸೆಯನ್ನು ಕರೆಯಲು ಅತ್ತೆ ತಾನೇ ಹೋಗುವುದು ನಮ್ಮಲ್ಲಿಲ್ಲ, ನಿನಗೆ ಗೊತ್ತು. ಗಂಡ ಹೋಗಬೇಕು, ಇಲ್ಲವೇ ಹಿರಿಯರನ್ನು ಕಳಿಸಬೇಕು. ನಾನು ಹೋದೆ. ಗೊಂಚಲನ್ನು ನಡದಿಂದ ಬಿಚ್ಚಿ ಅರಿವೆಯಲ್ಲಿ ಗಂಟು ಕಟ್ಟಿಕೊಂಡಿದ್ದೆ. ಮುರಗೋಡದಲ್ಲಿ ಅವರ ಓಣಿಯ ಬಾಯಿಗೆ ಇಳಿದು ನಾಲ್ಕು ಹೆಜ್ಜೆ ಹಾಕಿದವಳು ನಿಂತೆ. ಹೀಗೆ ಸುಮ್ಮನೆ ನಡೆದು ಹೋದರೆ ಸುಮ್ಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಆಕೆ ಒಲೆಯ ಮುಂದಿದ್ದರೆ? ನಿನ್ನ ಮದ್ದಳೆಯವರು ನೆನಪಾದರು. ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಓಣಿಯ ಬಾಯಲ್ಲಿ ನಿಂತು ಒದರಿದೆ.

"ನೀಲವ್ವಾ, ಏ ನೀಲವ್ವಾ, ನಾ ಬಂದೇನಿ. ಬೈಲಹೊಂಗಲದಿಂದ ನಿಮ್ಮತ್ತಿ ಬಂದೇನಿ."

ಬಾಗಿಲುಗಳು ತೆರೆದವು. ಚಕ್ಕಡಿ ಹೊಡೆಯುವವನು ಎತ್ತಿನ ಆಚೆ ಮುಖ ತಿರುಗಿಸಿಕೊಂಡ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಗಾಬರಿಯಿಂದ, "ಯಾರ ಹೋದ್ರವಾ?" ಎಂದು ಕೇಳಿದಳು.

"ಯಾರೂ ಹೋಗಿಲ್ಲ. ಬೀಗರು ಬಂದೇವಿ," ಎಂದು ಮತ್ತೂ ಗಟ್ಟಿಯಾಗಿ ಹೇಳುತ್ತ ನಡೆದೆ. ಆ ಮನೆ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ.

ನೀಲವ್ವ ಬಾಗಿಲಿಗೆ ಬಂದಿದ್ದಳು. ಬಗಲಲ್ಲಿ ಕೂಸು, ಕೈಯಲ್ಲಿ ಮಸಿ ಅರಿವೆ. ಹೆದರಿರಲಿಲ್ಲ, ಇವರಿಗೆ ಏನಾಯಿತು ಎಂಬಂತೆ ನೋಡುತ್ತಿದ್ದಳು. ನಾನು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

"ಒಲಿ ಮ್ಯಾಲ ಏನರ ಐತೇನು?" ಎಂದೆ.

"ಹಾಲಿತ್ರಿ ಅತ್ತಿ. ನಿಮ್ಮ ದನಿ ಕೇಳಿ ಇಳಿಸಿ ಬಂದೆ."

ಅಲ್ಲೇ, ಬಾಗಿಲಲ್ಲೇ, ಗಂಟು ಬಿಚ್ಚಿ ಗೊಂಚಲನ್ನು ಆಕೆಯ ಕೈಯಲ್ಲಿಟ್ಟೆ. ಆಕೆ ಬೆರಳು ಮಡಿಸಲಿಲ್ಲ. ಕೂಸು ಬಾಗಿ ಗೊಂಚಲಿಗೆ ಕೈ ಹಾಕಿ ಅಲುಗಿಸಿತು. ಆ ಸಪ್ಪಳಕ್ಕೆ ನೀಲವ್ವ ಬೆಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ. ಕೂಸು ಮತ್ತೆ ಅಲುಗಿಸಿತು, ಮತ್ತೆ ಅಲುಗಿಸಿತು, ಆಮೇಲೆ ಉಗ್ರಾಣದ ಕೀಲಿಕೈಯನ್ನು ಬಾಯಲ್ಲಿಟ್ಟುಕೊಂಡಿತು. ನೀಲವ್ವ ಅದನ್ನು ಬಾಯಿಂದ ತೆಗೆಯಲೆಂದು ಬೆರಳು ಮಡಿಸಿದಳು. ಗೊಂಚಲು ಆಕೆಯ ಕೈಯಲ್ಲೇ ಉಳಿಯಿತು.

ನಾನು ಮೆತ್ತಗಾಗಿದ್ದೇನೆಂದು ತಿಳಿಯಬೇಡ. ಜೋಳದಲ್ಲಿ ಹರಳು ಸಿಕ್ಕರೆ ಈಗಲೂ ಬಿಡುವುದಿಲ್ಲ. ಬಿಡದೆ ಬಾಯಿಬಿಟ್ಟು ಹೇಳುತ್ತೇನೆ, ಅಷ್ಟೇ. ನಿನಗೆ ಕೊಡದೆ ಉಳಿಸಿಕೊಂಡ ಬೈಗುಳವೊಂದಿದೆ, ಈಗ ತೆಗೆದುಕೋ: ಹುಚ್ಚಪ್ಪಾ, ಮಾಳಿಗಿ ಒಡಿಯೂಕಿಂತ ಮೊದಲ ನನಗೊಂದು ಮಾತು ಕೇಳಬಾರದಿತ್ತೇನೋ? ಬ್ಯಾಡ ಅಂತಿದ್ದೆ. ಮರುದಿನ ಹೂಂ ಅಂತಿದ್ದೆ. ಬೆಳಕಿಂಡಿಯನ್ನು ಮುಚ್ಚಿಸಿಲ್ಲ. ಮಳೆಗಾಲಕ್ಕೆಂದು ಗಾಜು ಕೂಡಿಸಿದ್ದೇನೆ. ಮುಂಜಾನೆ ಆ ಬಿಸಿಲಿಗೆ ಕೂಸನ್ನು ಮಲಗಿಸುತ್ತಾರೆ.

ನಿನ್ನ ಕಡೆಯ ತುಕಡಿ ಹಾಗೆಯೇ ಉಳಿಯಿತು. ಕ್ಯಾಮೆರಾ ಪುಣೆಗೆ ಹೋಗಿದೆ, ನೀನು... ಸೋಮವಾರ ನಾನು ತಾಯಿ ಮಗಳನ್ನು ಮನೆಗೆ ಕರೆತಂದೆ. ಕೀಲಿಕೈ ನೀಲವ್ವನ ನಡದಲ್ಲಿದೆ, ಮರಳಿ ಕೇಳುವುದಿಲ್ಲ. ಇದನ್ನು ಬರೆಯುತ್ತಿರುವಾಗಲೇ ಅಡುಗೆಮನೆಯಲ್ಲಿ ಅದು ಸಪ್ಪಳ ಮಾಡಿತು. ನಾನು ನೆಟ್ಟಗೆ ಕುಳಿತು ಸೆರಗು ಸರಿಮಾಡಿಕೊಂಡೆ. ಬಾಳವ್ವ ನೋಡಿ ನಕ್ಕಳು. ನಗಲಿ.